ಪಾಚಿಯಿಂದ ಗ್ಯಾಸ್: ಒಂದು ಲಕ್ಷ ಲೀಟರ್ ಡೈರಿ ನೀರಿನ ಲೆಕ್ಕ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ವರು ಸೇರಿ ಒಂದು ಪ್ರಾಜೆಕ್ಟ್ ಮಾಡಿದೆವು. ಸಿವಿಲ್‌ನವರು ಇಬ್ಬರು, ಬಯೋಟೆಕ್ ಒಬ್ಬಳು, ಮೆಕ್ಯಾನಿಕಲ್ ಒಬ್ಬ. ವಿಷಯ: ಕಾರ್ಖಾನೆಯ ಕೊಳೆ ನೀರಲ್ಲಿ ಪಾಚಿ ಬೆಳೆಸಿ, ಆ ಪಾಚಿಯಿಂದ ಬಯೋಗ್ಯಾಸ್ ಮಾಡೋದು. ಪೋಸ್ಟರ್ ಮೇಲೆ ದೊಡ್ಡದಾಗಿ 'ತ್ಯಾಜ್ಯದಿಂದ ಇಂಧನ' ಅಂತ ಬರೆದು, ಸುತ್ತ ಹಸಿರು ಬಾಣಗಳನ್ನೂ ಹಾಕಿದ್ದೆವು. ನೋಡೋಕೆ ಚೆನ್ನಾಗಿತ್ತು.

ಎಫ್ಲುಯೆಂಟ್ ಕೊಟ್ಟವರು ಕಾಲೇಜಿಗೆ ಹತ್ತಿರದ ಒಂದು ಸಣ್ಣ ಡೈರಿ ಘಟಕದ ಮಾಲೀಕರು. ಅವರ ಇಟಿಪಿಯಲ್ಲಿ ಏರೇಟರ್ ಹಗಲೂ ರಾತ್ರಿ ತಿರುಗುತ್ತೆ, ಕರೆಂಟ್ ಬಿಲ್ ನೋಡಿದರೆ ತಲೆ ತಿರುಗುತ್ತೆ. ಎರಡನೇ ಸಲ ಕ್ಯಾನ್ ತುಂಬಿಸಿಕೊಳ್ಳೋಕೆ ಹೋದಾಗ ಅವರು ನೇರವಾಗಿ ಕೇಳಿದರು: "ನೋಡ್ರಪ್ಪ, ಹಿಂದುಗಡೆ ಅರ್ಧ ಎಕರೆ ಖಾಲಿ ಇದೆ. ಪಾಚಿ ಹೊಂಡ ಮಾಡಿಸಿದ್ರೆ ನನ್ನ ಕರೆಂಟ್ ಬಿಲ್ ಉಳಿಯುತ್ತಾ? ಉಳಿಯುತ್ತೆ ಅಂದ್ರೆ ನಾಳೆನೇ ಜೆಸಿಬಿ ಕರೆಸ್ತೀನಿ."

ಆಗ ನಮಗೆ ಭಯ ಆಯ್ತು. ಪ್ರಾಜೆಕ್ಟ್ ತಪ್ಪಾದರೆ ನಾಲ್ಕು ಮಾರ್ಕ್ಸ್ ಹೋಗಬಹುದು, ಅಷ್ಟೇ. ಇಲ್ಲಿ ಒಬ್ಬರು ನಮ್ಮ ಮಾತು ನಂಬಿ ನೆಲ ಅಗೆಸೋಕೆ ಹೊರಟಿದ್ದಾರೆ. ಹಾಗಾಗಿ ಪೋಸ್ಟರ್ ಪಕ್ಕಕ್ಕಿಟ್ಟು, ಕ್ಯಾಲ್ಕುಲೇಟರ್ ಹಿಡಿದು ಕೂತೆವು. ಆ ಲೆಕ್ಕವೇ ಈ ಲೇಖನ. ನೀವೂ ಜೊತೆಗೆ ಪೆನ್ನು ಹಿಡಿದು ಕೂರಿ.

ಪಾಚಿ ಯಾಕೆ ಬೆಳೆಯುತ್ತೆ?

ನಮ್ಮೂರ ಕೆರೆಗಳು ಹಸಿರಾಗೋದನ್ನ ಎಲ್ಲರೂ ನೋಡಿದ್ದೇವೆ. ಕೊಳಚೆಯ ಜೊತೆ ಬರುವ ಸಾರಜನಕ, ರಂಜಕ ಎರಡೂ ಪಾಚಿಗೆ ಗೊಬ್ಬರ. ಬಿಸಿಲು ನಮ್ಮಲ್ಲಿ ಬೇಕಾದಷ್ಟಿದೆ. ಕೆರೆಯಲ್ಲಿ ಇದು ಕಾಯಿಲೆ. ಅದನ್ನೇ ಕಟ್ಟೆ ಕಟ್ಟಿ, ನಮ್ಮ ಹಿಡಿತದಲ್ಲಿ ಮಾಡಿದರೆ ಅದು ಶುದ್ಧೀಕರಣ. ಕೆರೆಗೆ ಸೇರಬೇಕಿದ್ದ ಸಾರಜನಕ, ರಂಜಕವನ್ನ ಪಾಚಿಯ ಮೈಯೊಳಗೆ ಕಟ್ಟಿ, ಪಾಚಿಯನ್ನ ಹೊರಗೆ ತೆಗೆಯೋದು. ಮೂಲ ಐಡಿಯಾ ಇಷ್ಟೇ.

ಇದು ಹೊಸದೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ವಾಲ್ಡ್ ಮತ್ತು ಸಂಗಡಿಗರು 1950ರ ದಶಕದಲ್ಲೇ ಕೊಳಚೆ ನೀರಲ್ಲಿ ಪಾಚಿ ಬೆಳೆಸುವ 'ಹೈ ರೇಟ್ ಪಾಂಡ್'ಗಳನ್ನ ರೂಪಿಸಿದರು. 1957ರಲ್ಲಿ ಗೋಲ್ಯೂಕಿ, ಆಸ್ವಾಲ್ಡ್, ಗೋಟಾಸ್ ಎಂಬ ಮೂವರು ಪಾಚಿಯನ್ನ ಡೈಜೆಸ್ಟರ್‌ಗೆ ಹಾಕಿ ಮೀಥೇನ್ ತೆಗೆದ ಪ್ರಯೋಗವನ್ನೂ ಪ್ರಕಟಿಸಿದರು. ಇತ್ತೀಚೆಗೆ, 2011ರಲ್ಲಿ, ಸ್ಪೇನಿನ ಚಿಕ್ಲಾನಾ ಎಂಬ ಊರಲ್ಲಿ ಯುರೋಪಿಯನ್ ಒಕ್ಕೂಟದ ಹಣದಿಂದ 'ಆಲ್-ಗ್ಯಾಸ್' ಅನ್ನೋ ಯೋಜನೆ ಶುರುವಾಯಿತು. ಊರಿನ ಕೊಳಚೆ ನೀರಲ್ಲಿ ಪಾಚಿ ಬೆಳೆಸಿ, ಅದರ ಗ್ಯಾಸಿನಿಂದ ಕಾರುಗಳನ್ನೂ ಓಡಿಸಿದರು. ಅಂದರೆ ಆಗುತ್ತೆ ಅನ್ನೋದರಲ್ಲಿ ಅನುಮಾನವಿಲ್ಲ. ನಮ್ಮ ಡೈರಿ ಮಾಲೀಕರಿಗೆ ಆಗುತ್ತಾ ಅನ್ನೋದು ಪ್ರಶ್ನೆ.

ನಮ್ಮ ಟಬ್ಬು, ನಮ್ಮ ಕ್ಯಾನು

ಮೊದಲು ನಾವು ಮಾಡಿದ್ದನ್ನ ಚುಟುಕಾಗಿ ಹೇಳಿಬಿಡ್ತೀವಿ. ಡೈರಿ ನೀರನ್ನ ಹಾಗೇ ಟಬ್ಬಿಗೆ ಹಾಕಿದೆವು. ಹಾಲಿನ ಬಿಳುಪು, ಬೆಳಕು ಒಳಗೇ ಹೋಗಲಿಲ್ಲ. ಮೂರೇ ದಿನಕ್ಕೆ ಹುಳಿ ನಾತ ಹೊಡೆಯಿತು, ಪಾಚಿ ಸುಳಿವೇ ಇಲ್ಲ. ಎರಡನೇ ಸಲ ನೀರು ಬೆರೆಸಿ ತೆಳು ಮಾಡಿ, ಕ್ಯಾಂಪಸ್ ತೊಟ್ಟಿಯ ಹಸಿರು ನೀರನ್ನ ಹೆಪ್ಪಿನ ಹಾಗೆ ಸೇರಿಸಿದ ಮೇಲೆ ಟಬ್ಬು ಹಸಿರಾಯಿತು.

ಆ ಪಾಚಿಯನ್ನ ತಳಕ್ಕೆ ಕೂರಿಸಿ, ಸಗಣಿ ಸ್ಲರಿಯ ಜೊತೆ 20 ಲೀಟರ್ ನೀರಿನ ಕ್ಯಾನಿಗೆ ತುಂಬಿದೆವು. ಮೊದಲು ಬಂದ ಗ್ಯಾಸಿಗೆ ಬೆಂಕಿ ಹಚ್ಚಿದರೆ ಹತ್ತಲೇ ಇಲ್ಲ. ಶುರುವಿನಲ್ಲಿ ಬರೋದರಲ್ಲಿ ಕ್ಯಾನಿನೊಳಗಿನ ಗಾಳಿ ಮತ್ತು ಇಂಗಾಲದ ಡೈಆಕ್ಸೈಡೇ ಹೆಚ್ಚು. ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ನಿಧಾನಸ್ಥರು, ಕಾಯಬೇಕು. ಕಾದ ಮೇಲೆ ನೀಲಿ ಜ್ವಾಲೆ ಬಂತು.

(ಒಂದು ಎಚ್ಚರಿಕೆ: ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟಿದ್ದರೆ ಅದು ಸಿಡಿಯುತ್ತೆ. ಜೊತೆಗೆ ಬರುವ ಹೈಡ್ರೋಜನ್ ಸಲ್ಫೈಡ್ ವಿಷ. ಹಾಸ್ಟೆಲ್ ರೂಮಿನಲ್ಲಿ ಇದನ್ನ ಮಾಡಬೇಡಿ.)

ನಮ್ಮನ್ನ ನಿಜವಾಗಿ ಬೆಚ್ಚಿಬೀಳಿಸಿದ್ದು ಕೊನೆಯಲ್ಲಿ ನಡೆದದ್ದು. ಗ್ಯಾಸ್ ಬರೋದು ನಿಂತ ಮೇಲೆ ಹೊರತೆಗೆದ ಸ್ಲರಿಯನ್ನ ಒಂದು ಗಾಜಿನ ಬಾಟಲಿಯಲ್ಲಿ ಕಿಟಕಿ ಹತ್ತಿರ ಮರೆತಿದ್ದೆವು. ಕೆಲವು ದಿನ ಬಿಟ್ಟು ನೋಡಿದರೆ ಬಾಟಲಿ ಮತ್ತೆ ಹಸಿರು! ಕತ್ತಲೆಯಲ್ಲಿ, ಗಾಳಿಯಿಲ್ಲದೆ ವಾರಗಟ್ಟಲೆ ಇದ್ದೂ ಒಂದಷ್ಟು ಪಾಚಿ ಸತ್ತೇ ಇರಲಿಲ್ಲ. 1957ರ ಪ್ರಯೋಗ ಮಾಡಿದವರಿಗೂ ಡೈಜೆಸ್ಟರ್‌ನಿಂದ ಹೊರಬಂದ ಸ್ಲರಿಯಲ್ಲಿ ಹಾಳಾಗದ ಪಾಚಿ ಕೋಶಗಳು ಕಂಡಿದ್ದವು ಅಂತ ಆಮೇಲೆ ಓದಿದೆವು. ಇದನ್ನ ನೆನಪಿಟ್ಟುಕೊಳ್ಳಿ, ಲೆಕ್ಕದಲ್ಲಿ ಮತ್ತೆ ಬರುತ್ತೆ.

ಲೆಕ್ಕ 1: ಕೊಳೆಯನ್ನ ಯಾರಿಗೆ ಮೊದಲು ತಿನ್ನಿಸಬೇಕು?

ದಿನಕ್ಕೆ ಒಂದು ಲಕ್ಷ ಲೀಟರ್, ಅಂದರೆ 100 ಘನ ಮೀಟರ್ ನೀರು ಅಂತಿಟ್ಟುಕೊಳ್ಳಿ. ಸಿಒಡಿ ಲೀಟರಿಗೆ 2,500 ಮಿ.ಗ್ರಾಂ ಅಂತ ಹಿಡಿದೆವು. ದಿನಕ್ಕೆ 250 ಕೆ.ಜಿ. ಸಿಒಡಿ ಆಯ್ತು.

ಇದನ್ನ ನೇರವಾಗಿ ಪಾಚಿ ಹೊಂಡಕ್ಕೆ ಬಿಟ್ಟರೆ ಏನಾಗುತ್ತೆ? ಹೊಂಡದ ಬ್ಯಾಕ್ಟೀರಿಯಾ ಅದನ್ನ ತಿಂದು ಇಂಗಾಲದ ಡೈಆಕ್ಸೈಡ್ ಮಾಡುತ್ತವೆ. ಪಾಚಿ ಅದನ್ನ ಹೀರಿ, ಬಿಸಿಲು ಬಳಸಿ ಮತ್ತೆ ಜೈವಿಕ ವಸ್ತು ಮಾಡುತ್ತೆ. ಅಂದರೆ ಹಾಲಿನ ಸಕ್ಕರೆ, ಕೊಬ್ಬಿನಲ್ಲಿ ಆಗಲೇ ಇದ್ದ ಶಕ್ತಿಯನ್ನ ಸುಟ್ಟು ಬೂದಿ ಮಾಡಿ, ಆ ಬೂದಿಯಿಂದ ಮತ್ತೆ ಸೌದೆ ಬೆಳೆಸಿದ ಹಾಗೆ.

ಅದರ ಬದಲು ಮೊದಲೇ ಡೈಜೆಸ್ಟರ್‌ಗೆ ಕೊಟ್ಟರೆ? 1 ಕೆ.ಜಿ. ಸಿಒಡಿ ಪೂರ್ತಿ ಮೀಥೇನ್ ಆದರೆ 0.35 ಘನ ಮೀಟರ್ ಬರುತ್ತೆ. ಶೇ. 80ರಷ್ಟು ಕೆಲಸ ಆದರೂ 250 × 0.8 × 0.35 = 70 ಘನ ಮೀಟರ್ ಮೀಥೇನ್. ಒಂದು ಘನ ಮೀಟರ್ ಮೀಥೇನಿನಲ್ಲಿ ಸುಮಾರು 10 ಯೂನಿಟ್ ಶಾಖ ಇದೆ, ಒಟ್ಟು 700 ಯೂನಿಟ್. ಶೇ. 30 ದಕ್ಷತೆಯ ಜೆನ್‌ಸೆಟ್‌ಗೆ ಕೊಟ್ಟರೆ ದಿನಕ್ಕೆ 210 ಯೂನಿಟ್ ಕರೆಂಟ್.

ಇದರಲ್ಲಿ ಪಾಚಿಯ ಪಾತ್ರ ಸೊನ್ನೆ, ಗಮನಿಸಿದ್ರಾ? ನಮ್ಮ ಪೋಸ್ಟರಿನ ಮೊದಲ ಬಾಣವೇ ತಪ್ಪಾಗಿತ್ತು. ಕೊಳೆ ನೀರು, ಪಾಚಿ, ಡೈಜೆಸ್ಟರ್ ಅಂತ ಬರೆದಿದ್ದೆವು. ಸರಿಯಾದ ಕ್ರಮ: ಕೊಳೆ ನೀರು, ಡೈಜೆಸ್ಟರ್, ಆಮೇಲೆ ಪಾಚಿ, ಆ ಪಾಚಿ ವಾಪಸ್ ಡೈಜೆಸ್ಟರ್‌ಗೆ. ಡೈಜೆಸ್ಟರ್ ಇಂಗಾಲವನ್ನ ತೆಗೆಯುತ್ತೆ, ಆದರೆ ಸಾರಜನಕ, ರಂಜಕವನ್ನ ಹೆಚ್ಚು ಕಡಿಮೆ ಹಾಗೇ ನೀರಲ್ಲಿ ಬಿಡುತ್ತೆ. ಪಾಚಿಯ ಕೆಲಸ ಅಲ್ಲಿಂದ ಶುರು.

ಲೆಕ್ಕ 2: ಎಷ್ಟು ಪಾಚಿ, ಎಷ್ಟು ಜಾಗ?

ಡೈಜೆಸ್ಟರ್‌ನಿಂದ ಬಂದ ನೀರಲ್ಲಿ ಲೀಟರಿಗೆ 60 ಮಿ.ಗ್ರಾಂ ಸಾರಜನಕ ಉಳಿದಿದೆ ಅಂತ ಹಿಡಿಯೋಣ. ದಿನಕ್ಕೆ 6 ಕೆ.ಜಿ.

ಪಾಚಿಯಲ್ಲಿ ಎಷ್ಟು ಸಾರಜನಕ ಇರುತ್ತೆ? 1934ರಲ್ಲಿ ಆಲ್‌ಫ್ರೆಡ್ ರೆಡ್‌ಫೀಲ್ಡ್ ಸಮುದ್ರದ ಸೂಕ್ಷ್ಮಸಸ್ಯಗಳ ಬಗ್ಗೆ ಬರೆದದ್ದರಿಂದ ಬೆಳೆದು ಬಂದ ಒಂದು ಅನುಪಾತ ಇದೆ: ಇಂಗಾಲ 106, ಸಾರಜನಕ 16, ರಂಜಕ 1 ಪರಮಾಣು. ಹೈಡ್ರೋಜನ್ 263, ಆಮ್ಲಜನಕ 110 ಸೇರಿಸಿ ತೂಕ ಹಾಕಿದರೆ ಒಟ್ಟು 3,550. ಅದರಲ್ಲಿ ಸಾರಜನಕ 224, ಅಂದರೆ ಶೇ. 6.3. ಹಾಗಾದರೆ 6 ಕೆ.ಜಿ. ಸಾರಜನಕ ಹೀರೋಕೆ ದಿನಕ್ಕೆ ಸುಮಾರು 95 ಕೆ.ಜಿ. ಒಣ ಪಾಚಿ ಬೆಳೆಯಬೇಕು.

ತೆರೆದ ಹೊಂಡದಲ್ಲಿ ಚದರ ಮೀಟರಿಗೆ ದಿನಕ್ಕೆ 10ರಿಂದ 25 ಗ್ರಾಂ ಬೆಳೆಯುತ್ತೆ ಅಂತಾರೆ. ನಾವು 15 ಹಿಡಿದೆವು. 95 ಕೆ.ಜಿ.ಗೆ ಸುಮಾರು 6,300 ಚದರ ಮೀಟರ್ ಬೇಕು. ಹತ್ತಿರ ಹತ್ತಿರ ಒಂದೂವರೆ ಎಕರೆ! ಮಾಲೀಕರ ಹತ್ತಿರ ಇರೋದು ಅರ್ಧ ಎಕರೆ.

ಇನ್ನೊಂದು ಮಾತು. ಹೊಂಡದ ಆಳ 30 ಸೆಂ.ಮೀ. ಮಾತ್ರ, ಅದಕ್ಕಿಂತ ಕೆಳಗೆ ಬೆಳಕು ಹೋಗಲ್ಲ. ಇಷ್ಟು ಅಗಲದ, ತೆಳ್ಳನೆಯ ನೀರು ಬಿಸಿಲಿಗೆ ಆವಿಯಾಗದೆ ಇರುತ್ತಾ? ದಿನಕ್ಕೆ 5 ಮಿ.ಮೀ. ಅಂತ ಹಿಡಿದರೂ 30 ಘನ ಮೀಟರಿಗಿಂತ ಹೆಚ್ಚು, ಒಳಗೆ ಬಂದ ನೀರಿನ ಮೂರನೇ ಒಂದು ಭಾಗ ಆಕಾಶಕ್ಕೆ. ನೀರಿಗೆ ಪರದಾಡುವ ನಮ್ಮ ಬಯಲುಸೀಮೆಯಲ್ಲಿ ಇದು ಚಿಕ್ಕ ಮಾತಲ್ಲ. ಉಳಿದ ನೀರಲ್ಲಿ ಉಪ್ಪಿನಂಶವೂ ಏರುತ್ತೆ.

ಲೆಕ್ಕ 3: ಪಾಚಿಯ ಗ್ಯಾಸ್ ಎಷ್ಟು?

ಬಸ್ವೆಲ್ ಸಮೀಕರಣವನ್ನ ಬಯೋಟೆಕ್‌ನವರು ಓದಿರ್ತೀರ. ರೆಡ್‌ಫೀಲ್ಡ್ ಸೂತ್ರವನ್ನ ಅದಕ್ಕೆ ಹಾಕಿದರೆ 1 ಕೆ.ಜಿ. ಪಾಚಿಗೆ 0.33 ಘನ ಮೀಟರ್ ಮೀಥೇನ್ ಬರುತ್ತೆ. ಅದು ಕಾಗದದ ಮೇಲಿನ ಮಾತು. ಕಿಟಕಿ ಹತ್ತಿರದ ಬಾಟಲಿ ನೆನಪಿದೆಯಲ್ಲ? ಕ್ಲೋರೆಲ್ಲಾ, ಸೀನ್‌ಡೆಸ್ಮಸ್‌ನಂಥ ಪಾಚಿಗಳ ಕೋಶದ ಗೋಡೆ ತುಂಬಾ ಗಟ್ಟಿ. ಕೊಬ್ಬರಿ ಒಳಗಿದೆ ನಿಜ, ಚಿಪ್ಪು ಒಡೆಯಬೇಕಲ್ಲ.

ಗೋಡೆ ಎಷ್ಟು ಮುಖ್ಯ ಅನ್ನೋದಕ್ಕೆ 2010ರಲ್ಲಿ ಜರ್ಮನಿಯ ಬೀಲೆಫೆಲ್ಡ್‌ನ ಸಂಶೋಧಕರು ಪ್ರಕಟಿಸಿದ ಹೋಲಿಕೆ ನೋಡಿ. ಕ್ಲಮೈಡೊಮೊನಾಸ್ ಎಂಬ ಪಾಚಿಯ ಗೋಡೆಯಲ್ಲಿ ಸೆಲ್ಯುಲೋಸ್ ಇಲ್ಲ. ಅದರ ಪ್ರತಿ ಗ್ರಾಂ ಜೈವಿಕ ಘನವಸ್ತುವಿಗೆ 587 ಮಿ.ಲೀ. ಬಯೋಗ್ಯಾಸ್ ಬಂದರೆ, ಗಟ್ಟಿ ಗೋಡೆಯ ಸೀನ್‌ಡೆಸ್ಮಸ್‌ಗೆ ಬಂದದ್ದು 287. ಅರ್ಧಕ್ಕೆ ಅರ್ಧ! ಹಾಗಾದರೆ ಮೃದು ಗೋಡೆಯದನ್ನೇ ಬೆಳೆಸೋಣ ಅಂತೀರಾ? ತೆರೆದ ಹೊಂಡದಲ್ಲಿ ಯಾವುದು ಬೆಳೆಯಬೇಕು ಅಂತ ತೀರ್ಮಾನ ಮಾಡೋದು ನಾವಲ್ಲ. ಗಾಳಿ, ಹಕ್ಕಿ, ಮಳೆ ತಂದು ಹಾಕಿದ ಗಟ್ಟಿಗ ಪಾಚಿಯೇ ಗೆಲ್ಲುತ್ತೆ.

ಆದ್ದರಿಂದ ನಾವು 0.33 ಬಿಟ್ಟು 0.18 ಹಿಡಿದೆವು. 95 × 0.18 = 17 ಘನ ಮೀಟರ್ ಮೀಥೇನ್. ಶಾಖ 170 ಯೂನಿಟ್, ಕರೆಂಟ್ ಆದರೆ 51 ಯೂನಿಟ್.

ಲೆಕ್ಕ 4: ಖರ್ಚು ಎಷ್ಟು?

ಇಲ್ಲಿಗೆ ಬಂದಾಗ ನಮ್ಮ ಗೈಡ್ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "51 ಯೂನಿಟ್ ಬರುತ್ತೆ, ಸರಿ. ಹೊಂಡ ತಿರುಗಿಸೋಕೆ ಎಷ್ಟು ಬೇಕು ಹೇಳ್ರಪ್ಪ?"

ಪಾಚಿ ತಳಕ್ಕೆ ಕೂರಬಾರದು, ಎಲ್ಲಕ್ಕೂ ಸರದಿ ಮೇಲೆ ಬೆಳಕು ಸಿಗಬೇಕು. ಅದಕ್ಕೆ ಪ್ಯಾಡಲ್ ಚಕ್ರ ಹಾಕಿ ನೀರನ್ನ ಸುತ್ತಿಸಬೇಕು. ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಮ್ಯಾನಿಂಗ್ ಸೂತ್ರ ಇಲ್ಲಿ ಕೆಲಸಕ್ಕೆ ಬಂತು. ನೀರಿನ ವೇಗ ಸೆಕೆಂಡಿಗೆ 20 ಸೆಂ.ಮೀ., ಕಾಂಕ್ರೀಟ್ ಕಾಲುವೆಯ ಒರಟುತನ 0.013 ಅಂತ ಹಾಕಿದರೆ ಚದರ ಮೀಟರಿಗೆ ಬರೀ 0.02 ವ್ಯಾಟ್. ತಿರುವುಗಳು, ಚಕ್ರ, ಮೋಟಾರು, ಗೇರ್ ಇವುಗಳ ನಷ್ಟಕ್ಕೆ ಐದು ಪಟ್ಟು ಮಾಡಿದೆವು. ಇಡೀ ಹೊಂಡಕ್ಕೆ ದಿನಕ್ಕೆ ಸುಮಾರು 16 ಯೂನಿಟ್. ಪರವಾಗಿಲ್ಲ ಅನ್ನಿಸ್ತು.

ಆದರೆ ಈ ಶಕ್ತಿ ವೇಗದ ಘನದ ಹಾಗೆ ಏರುತ್ತೆ. ಯಾರೋ ಉತ್ಸಾಹದಲ್ಲಿ 20ನ್ನ 30 ಸೆಂ.ಮೀ. ಮಾಡಿದರೆ ಖರ್ಚು ಒಂದೂವರೆ ಪಟ್ಟಲ್ಲ, 3.4 ಪಟ್ಟು. ಅಂದರೆ 55 ಯೂನಿಟ್. ಪಾಚಿ ಕೊಟ್ಟ 51 ಯೂನಿಟ್ ಅಷ್ಟೂ ಚಕ್ರದ ಪಾಲು! ಒಂದು ರೆಗ್ಯುಲೇಟರ್ ತಿರುಗಿಸಿದ್ದಕ್ಕೆ ಲಾಭವೆಲ್ಲ ಗೋವಿಂದ.

ಆಮೇಲೆ ಕೊಯ್ಲು. ಹೊಂಡದ ನೀರಲ್ಲಿ ಪಾಚಿ ಇರೋದು ಲೀಟರಿಗೆ ಒಂದು ಗ್ರಾಂ ಅಷ್ಟೇ. ಸೆಂಟ್ರಿಫ್ಯೂಜ್‌ಗೆ ಘನ ಮೀಟರಿಗೆ ಕನಿಷ್ಠ 1 ಯೂನಿಟ್ ಅಂದರೂ ದಿನಕ್ಕೆ 100 ಯೂನಿಟ್. ಅಲ್ಲಿಗೆ ಕಥೆ ಮುಗೀತು. ದಾರಿ ಒಂದೇ, ಪಾಚಿ ಬ್ಯಾಕ್ಟೀರಿಯಾಗಳ ಜೊತೆ ಮುದ್ದೆಗಟ್ಟಿ ತಾನಾಗಿ ಕೂರುವ ಹಾಗೆ ಮಾಡಬೇಕು. ಕೂತದ್ದರಲ್ಲಿ ಸ್ವಲ್ಪ ಭಾಗವನ್ನ ಹೊಂಡಕ್ಕೆ ಹಿಂದಿರುಗಿಸುತ್ತಾ ಹೋದರೆ ಚೆನ್ನಾಗಿ ಕೂರುವ ಜಾತಿಗಳೇ ಹೆಚ್ಚಾಗುತ್ತವೆ. ಮೊಸರಿಗೆ ಒಳ್ಳೆಯ ಹೆಪ್ಪು ಉಳಿಸಿಕೊಂಡ ಹಾಗೆ.

ಗೋಡೆ ಒಡೆಯೋಕೆ ಬಿಸಿ ಮಾಡೋಣ ಅಂತ ಮೆಕ್ಯಾನಿಕಲ್ ಗೆಳೆಯ ಹೇಳಿದ. ಶೇ. 3ರಷ್ಟು ಘನವಸ್ತು ಇರುವ ಸ್ಲರಿ ದಿನಕ್ಕೆ 3,200 ಲೀಟರ್. ಅದನ್ನ 27ರಿಂದ 90 ಡಿಗ್ರಿಗೆ ಏರಿಸೋಕೆ 235 ಯೂನಿಟ್ ಶಾಖ ಬೇಕು. ಪಾಚಿ ಗ್ಯಾಸಿನ ಒಟ್ಟು ಶಾಖವೇ 170! ಪಾಚಿಯನ್ನ ಬೇಯಿಸ್ತಾ ಇಲ್ಲ ನಾವು, ನೀರನ್ನ ಬೇಯಿಸ್ತಾ ಇದ್ದೀವಿ. ಜೆನ್‌ಸೆಟ್ ಹೊಗೆ ಕೊಳವೆಯಲ್ಲಿ ಸುಮ್ಮನೆ ಹೋಗುವ ಶಾಖ ಸಿಕ್ಕರೆ ಮಾತ್ರ ಈ ದಾರಿ.

ಇನ್ನೊಂದು ತೊಡಕು ಸಾರಜನಕದ್ದು. ಡೈಜೆಸ್ಟರ್‌ಗೆ ಇಂಗಾಲ, ಸಾರಜನಕದ ತೂಕದ ಅನುಪಾತ 20ರಿಂದ 30 ಇದ್ದರೆ ಹಿತ. ರೆಡ್‌ಫೀಲ್ಡ್ ಲೆಕ್ಕದ ಪಾಚಿಯಲ್ಲಿ ಅದು 5.7 ಮಾತ್ರ. ಬರೀ ಪಾಚಿ ಹಾಕಿದರೆ ಅಮೋನಿಯಾ ಏರಿ ಮೀಥೇನ್ ಜೀವಿಗಳಿಗೆ ಉಸಿರು ಕಟ್ಟುತ್ತೆ. ಮದ್ದು ಸರಳ: ಇಂಗಾಲ ಹೆಚ್ಚಿರುವುದನ್ನ ಬೆರೆಸೋದು. 2007ರಲ್ಲಿ ಯೆನ್ ಮತ್ತು ಬ್ರೂನ್ ಎಂಬಿಬ್ಬರು ಪಾಚಿಗೆ ಅರ್ಧದಷ್ಟು ರದ್ದಿ ಕಾಗದ ಬೆರೆಸಿದಾಗ ಮೀಥೇನ್ ಎರಡು ಪಟ್ಟಾಯಿತು. ನಮ್ಮ ರೆಕಾರ್ಡ್ ಬುಕ್ಕುಗಳಿಗೆ ಇದಕ್ಕಿಂತ ಒಳ್ಳೆ ಗತಿ ಇಲ್ಲ ಅಂತ ನಕ್ಕೆವು. ಮಂಡ್ಯ, ಬೆಳಗಾವಿ ಕಡೆ ಆದರೆ ಕಬ್ಬಿನ ಸಿಪ್ಪೆ ಇದೆ.

ಲೆಕ್ಕ 5: ಕಣ್ಣಿಗೆ ಕಾಣದ ಲಾಭ

ಇಷ್ಟು ಹೊತ್ತಿಗೆ ನಾವು ಸೋತು ಕೂತಿದ್ದೆವು. ಮೇಲಿಂದ ಒಬ್ಬಳು ಇನ್ನೊಂದು ಲೆಕ್ಕ ಹಾಕಿ ಗಾಯಕ್ಕೆ ಉಪ್ಪು ಸವರಿದಳು. ಅದೇ ಒಂದೂವರೆ ಎಕರೆಯಲ್ಲಿ ಸೋಲಾರ್ ಪ್ಯಾನೆಲ್ ಹಾಕಿದರೆ? ಒಂದು ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ, ಒಂದು ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಅಂತ ಹಿಡಿದರೂ 1,200 ಯೂನಿಟ್. ಪಾಚಿಯ 51ರ ಮುಂದೆ 1,200. ಕರೆಂಟೇ ಬೇಕು ಅಂದರೆ ಪಾಚಿ ಲೆಕ್ಕಕ್ಕೇ ಇಲ್ಲ.

ಆದರೆ ಸೋಲಾರ್ ಪ್ಯಾನೆಲ್ ನೀರು ತೊಳೆಯಲ್ಲ. ಅಲ್ಲೇ ನಮಗೆ ಹೊಳೆದದ್ದು. ಪಾಚಿ ಮಾಡೋದು ಬರೀ ಗ್ಯಾಸಿನ ಕಚ್ಚಾ ವಸ್ತುವನ್ನಲ್ಲ, ಆಮ್ಲಜನಕವನ್ನೂ ಮಾಡುತ್ತೆ. 1 ಕೆ.ಜಿ. ಪಾಚಿ ಬೆಳೆದರೆ 1ರಿಂದ 1.5 ಕೆ.ಜಿ. ಆಮ್ಲಜನಕ ನೀರಿಗೆ ಸೇರುತ್ತೆ.

ಈಗ ಮಾಲೀಕರ ಏರೇಟರ್ ಕಡೆ ನೋಡಿ. ಡೈಜೆಸ್ಟರ್ ಆದ ಮೇಲೂ 50 ಕೆ.ಜಿ. ಸಿಒಡಿ ಉಳಿದಿದೆ, ಅದಕ್ಕೆ ಹೆಚ್ಚೆಂದರೆ 50 ಕೆ.ಜಿ. ಆಮ್ಲಜನಕ. 6 ಕೆ.ಜಿ. ಅಮೋನಿಯಾ ಸಾರಜನಕವನ್ನ ನೈಟ್ರೇಟ್ ಮಾಡೋಕೆ ಕೆ.ಜಿ.ಗೆ 4.57ರ ಹಾಗೆ ಇನ್ನೊಂದು 27. ಒಟ್ಟು 77 ಕೆ.ಜಿ. ಏರೇಟರ್ ಒಂದು ಯೂನಿಟ್‌ಗೆ ಸುಮಾರು 1 ಕೆ.ಜಿ. ಆಮ್ಲಜನಕ ಕರಗಿಸಿದರೆ 77 ಯೂನಿಟ್ ಕರೆಂಟ್. ಪಾಚಿ ಹೊಂಡ 95 ಕೆ.ಜಿ.ಯಷ್ಟನ್ನ ಬಿಸಿಲಿಂದಲೇ ಕೊಡುತ್ತೆ. ಅಮೋನಿಯಾವನ್ನ ಪಾಚಿ ನೇರವಾಗಿ ತಿನ್ನೋದರಿಂದ ಆ 27 ಬೇಕಾಗೋದೇ ಇಲ್ಲ. ರಾತ್ರಿ ಹೊಂಡದಲ್ಲಿ ಆಮ್ಲಜನಕ ಇಳಿಯುತ್ತೆ, ನಿಜ. ಆದರೂ ಹೊಂಡ *ಉಳಿಸುವ* ಕರೆಂಟ್, ಅದು *ಹುಟ್ಟಿಸುವ* 51 ಯೂನಿಟ್‌ಗಿಂತ ಕಡಿಮೆಯೇನಲ್ಲ. ಪಾಚಿಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಕೂಡ ದಿನಕ್ಕೆ ಸುಮಾರು 170 ಕೆ.ಜಿ. ಅದು ಜೆನ್‌ಸೆಟ್ ಹೊಗೆಯಲ್ಲೇ ಇದೆ.

ಪಾಚಿ ಹೊಂಡ ವಿದ್ಯುತ್ ಸ್ಥಾವರ ಅಲ್ಲ. ಅದು ಬಿಸಿಲಿನಿಂದ ನಡೆಯುವ ನೀರು ಶುದ್ಧೀಕರಣ ಘಟಕ. ಗ್ಯಾಸ್ ಅದರ ಉಪಉತ್ಪನ್ನ. ನಾವು ಆರು ವಾರ ಗ್ಯಾಸ್ ಹಿಂದೆ ಓಡಿ ಕಲಿತದ್ದು ಇದನ್ನ.

ಎಲ್ಲಾ ನೀರಿಗೂ ಆಗಲ್ಲ

ಡೈರಿ, ಆಹಾರ, ಸಕ್ಕರೆ ಉದ್ಯಮದ ನೀರಿಗೆ ಈ ಮಾತೆಲ್ಲ ಸರಿ. ಎಲೆಕ್ಟ್ರೋಪ್ಲೇಟಿಂಗ್, ಚರ್ಮ ಹದ ಮಾಡುವ ಕಾರ್ಖಾನೆಗಳ ನೀರಲ್ಲಿ ಭಾರಲೋಹಗಳಿರುತ್ತವೆ. ಪಾಚಿ ಅವನ್ನೂ ಹೀರುತ್ತೆ. ನೀರು ಶುದ್ಧವಾಗುತ್ತೆ, ಆದರೆ ಕ್ರೋಮಿಯಂ, ನಿಕಲ್ ಎಲ್ಲೂ ಮಾಯವಾಗಲ್ಲ. ಪಾಚಿಯಿಂದ ಡೈಜೆಸ್ಟರ್‌ಗೆ, ಅಲ್ಲಿಂದ ಸ್ಲರಿಗೆ, ಸ್ಲರಿ ಗೊಬ್ಬರ ಅಂತ ಹೋದರೆ ಹೊಲಕ್ಕೆ, ಕೊನೆಗೆ ನಮ್ಮ ತಟ್ಟೆಗೆ. ವೃಷಭಾವತಿಯ ಹಾಗೆ ಮನೆ ಕೊಳಚೆ, ಕೈಗಾರಿಕೆ ನೀರು ಎರಡೂ ಬೆರೆತ ಕಡೆ ಈ ಪ್ರಾಜೆಕ್ಟ್ ಮಾಡೋರು ಮೊದಲು ಲೋಹದ ಪರೀಕ್ಷೆ ಮಾಡಿಸಿ.

ಮಾಲೀಕರಿಗೆ ನಾವು ಹೇಳಿದ್ದು

ಲೆಕ್ಕದ ಹಾಳೆಗಳನ್ನ ಹಿಡಿದು ಅವರ ಹತ್ತಿರ ಹೋದೆವು. "ಸರ್, ಸದ್ಯಕ್ಕೆ ಜೆಸಿಬಿ ಕರೆಸಬೇಡಿ" ಅಂತ ಮೊದಲೇ ಹೇಳಿಬಿಟ್ಟೆವು. ಮೊದಲು ಕೊಬ್ಬು ತೆಗೆಯುವ ತೊಟ್ಟಿ, ಆಮೇಲೆ ಡೈಜೆಸ್ಟರ್. ಅದರಿಂದಲೇ ಏರೇಟರ್ ಮೇಲಿನ ಹೊರೆ ಐದರಲ್ಲಿ ನಾಲ್ಕು ಪಾಲು ಇಳಿಯುತ್ತೆ, ಗ್ಯಾಸೂ ಸಿಗುತ್ತೆ. ಅದು ಒಂದು ವರ್ಷ ಸರಿಯಾಗಿ ನಡೆದ ಮೇಲೆ ಅರ್ಧ ಎಕರೆಯಲ್ಲಿ ಹೊಂಡ ಮಾಡಬಹುದು. ಅದು ಮೂರರಲ್ಲಿ ಒಂದು ಪಾಲು ಸಾರಜನಕ ತೆಗೆಯುತ್ತೆ, ಪೂರ್ತಿ ಅಲ್ಲ. ಡಿಸೈನ್‌ನ ಅನುಭವಸ್ಥ ಎಂಜಿನಿಯರ್ ಹತ್ತಿರ ಮಾಡಿಸಿ, ನಮ್ಮದು ಅಂದಾಜು ಮಾತ್ರ.

ಅವರು ಸ್ವಲ್ಪ ಹೊತ್ತು ಹಾಳೆ ನೋಡಿ, "ಮೊದಲು ಬಂದಾಗ ಹೇಳಿದ್ದಕ್ಕಿಂತ ಇದು ಕಡಿಮೆ ಆಯ್ತಲ್ರಪ್ಪ" ಅಂದರು. ನಿಜ, ಕಡಿಮೆ ಆಯ್ತು. ಆಮೇಲೆ ಮಜ್ಜಿಗೆ ಕೊಡಿಸಿ, ಡೈಜೆಸ್ಟರ್‌ಗೆ ಎಷ್ಟು ಜಾಗ ಬೇಕು ಅಂತ ಕೇಳೋಕೆ ಶುರು ಮಾಡಿದರು.

ಮುಂದಿನ ಬ್ಯಾಚಿನವರಿಗೆ ನಾವು ಬಿಟ್ಟು ಹೋಗುವ ಕೆಲಸ ಎರಡು. ಒಂದು, ಕಡಿಮೆ ಖರ್ಚಿನಲ್ಲಿ ಪಾಚಿಯನ್ನ ಶೇ. 3ರ ಬದಲು ಶೇ. 10ರ ತನಕ ಗಟ್ಟಿ ಮಾಡೋದು ಹೇಗೆ? ಹಾಗಾದರೆ ಬಿಸಿ ಮಾಡುವ ಖರ್ಚು ಮೂರನೇ ಒಂದಕ್ಕೆ ಇಳಿಯುತ್ತೆ. ಎರಡು, ರಾತ್ರಿ ಚಕ್ರದ ವೇಗ ಇಳಿಸಿದರೆ ಪಾಚಿಗೆ ಏನಾಗುತ್ತೆ? ವೇಗದ ಘನದ ನಿಯಮ ಇಳಿಸುವಾಗಲೂ ಕೆಲಸ ಮಾಡುತ್ತೆ, ಮರೆಯಬೇಡಿ. ಎರಡನ್ನೂ ಟಬ್ಬು, ಮೋಟಾರು, ತಕ್ಕಡಿ ಇಟ್ಟುಕೊಂಡು ನಮ್ಮ ಲ್ಯಾಬಿನಲ್ಲೇ ಮಾಡಬಹುದು. ಪೋಸ್ಟರ್ ಮಾತ್ರ ಕೊನೆಯಲ್ಲಿ ಮಾಡಿ.